ನೆರೆ ಇಲ್ಲ, ಬೊಳ್ಳ ಉಂಟು

"ಮೇಡಂ, ನಿಮ್ಮ ಏರಿಯಾ ಗ್ರೀನ್ ಉಂಟು."

ಫೋನಿನ ಆ ಕಡೆಯ ಯುವಕ ಇದನ್ನು ಎಷ್ಟು ನಯವಾಗಿ ಹೇಳಿದನೆಂದರೆ, ನಾನೇ ಒಮ್ಮೆ ಅನುಮಾನದಿಂದ ಕಿಟಕಿಯಾಚೆ ನೋಡಿದೆ. ಗ್ರೀನ್ ಎಲ್ಲಿದೆ? ನಿನ್ನೆಯವರೆಗೆ ಗದ್ದೆಯಿದ್ದ ಕಡೆ ಕೆಂಪು ನೀರು. ಅದರ ನಡುವೆ ಮೋನಾಕನ ಮನೆ. ಅವರ ಗೇಟು ಮುಳುಗಿ, ಪಕ್ಕದ ದಾಸವಾಳ ಗಿಡದ ತುದಿ ಮಾತ್ರ ಅಲ್ಲಾಡುತ್ತಿತ್ತು.

"ಗ್ರೀನ್ ಅಂದ್ರೆ ಎಂತ ಮಾರಾಯ?"

"ಅಲ್ಲಿ ನೆರೆ ಬರುವುದಿಲ್ಲ ಅಂತ ಮೇಡಂ. ಮ್ಯಾಪಿನಲ್ಲಿ ಹಾಗೆ ಉಂಟು."

"ಬಂದು ಆಗಿದೆ! ಒಳಗೆ ಪೇಷೆಂಟ್ ಇದ್ದಾರೆ!"

"ನೋಟ್ ಮಾಡಿಕೊಂಡೆ ಮೇಡಂ. ಬೋಟ್ ಎರಡೂ ರೆಡ್ ಏರಿಯಾಕ್ಕೆ ಹೋಗಿವೆ. ವಾಪಸ್ ಬಂದ ಕೂಡಲೇ ಕಳಿಸ್ತೇವೆ. ಅಲ್ಲಿವರೆಗೆ ಸುರಕ್ಷಿತ ಸ್ಥಳದಲ್ಲಿ ಇರಿ."

ಸುರಕ್ಷಿತ ಸ್ಥಳ! ಅವರ ಮ್ಯಾಪಿನ ಪ್ರಕಾರ ನಾವು ಇದ್ದದ್ದೇ ಅಲ್ಲಿ.

ನಮ್ಮ ಪಡುಬೈಲು ನಿಮಗೆ ಗೊತ್ತಿರಲಿಕ್ಕಿಲ್ಲ. ಉಡುಪಿಯಿಂದ ಕಾಪುವಿಗೆ ಹೋಗುವಾಗ ಹೈವೇಯಿಂದ ಎಡಕ್ಕೆ ಇಳಿದರೆ ಸಿಗುವ ತಗ್ಗು ಊರು. ಬೈಲು ಎಂದರೇನೆಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ; ಉಳಿದವರಿಗೆ ಹೇಳುತ್ತೇನೆ. ಮೇಲಿನ ನೆಲ ಬೆಟ್ಟು, ನಡುವಿನದು ಮಜಲು, ಗುಡ್ಡದ ನೀರೆಲ್ಲ ಬಂದು ಸೇರುವ ಕೆಳಗಿನ ನೆಲ ಬೈಲು. ನಮ್ಮ ಮನೆ ಬೈಲಿನ ಅಂಚಿನಲ್ಲಿ, ಸ್ವಲ್ಪ ಎತ್ತರದಲ್ಲಿದೆ. ಮೋನಾಕನದು ಸರಿಯಾಗಿ ತಟ್ಟೆಯಂಥ ಬೈಲಿನ ನಡುವೆ. ತುಂಬ ಒಳ್ಳೆಯ ಭತ್ತ ಬೆಳೆಯುತ್ತಿದ್ದ ಜಾಗ. ಈಗ ತುಂಬ ಒಳ್ಳೆಯ ಮನೆಗಳು ಬೆಳೆಯುತ್ತಿವೆ.

ಮೋನಾಕ ಅಂದರೆ ಮಹಮ್ಮದ್. ಕರಾವಳಿಯ ಮುಸ್ಲಿಮರಾದ ಬ್ಯಾರಿಗಳಲ್ಲಿ ಹಿರಿಯರನ್ನು ಗೌರವದಿಂದ ಕರೆಯುವ ರೀತಿ ಅದು. ಸೌದಿಯ ದಮ್ಮಾಮಿನಲ್ಲಿ ದುಡಿದು ಬಂದು ಕಾಪು ಪೇಟೆಯಲ್ಲಿ ಅಂಗಡಿ ಇಟ್ಟವರು. ಈಗ ಕಿಡ್ನಿ ಕೈಕೊಟ್ಟಿದೆ. ಸೋಮವಾರ, ಬುಧವಾರ, ಶುಕ್ರವಾರ ಉಡುಪಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಶುಕ್ರವಾರದಿಂದ ಸೋಮವಾರದವರೆಗಿನದು ಉದ್ದದ ಬಿಡುವು. ಎಷ್ಟು ಅಳೆದು ನೀರು ಕುಡಿದರೂ ಆ ಬಿಡುವಿನಲ್ಲಿ ಮೈಯಲ್ಲಿ ನೀರು ಸೇರುತ್ತದೆ, ಕಾಲು ಊದುತ್ತದೆ, ಭಾನುವಾರ ರಾತ್ರಿ ಮಲಗಲಿಕ್ಕಾಗದೆ ಕುಳಿತೇ ಬೆಳಗು ಮಾಡುತ್ತಾರೆ.

ಈಗ ನಾನು ಹೇಳುತ್ತಿರುವುದು ಅಂಥದ್ದೇ ಒಂದು ಸೋಮವಾರದ ಕಥೆ.

ರಾತ್ರಿಯಿಡೀ ಬಿಟ್ಟೂ ಬಿಡದೆ ಸುರಿದ ಮಳೆ. ಶಾಲೆಗೆ ರಜೆ ಕೊಟ್ಟಾಗಿತ್ತು. (ನಮ್ಮ ಜಿಲ್ಲೆಯಲ್ಲಿ ಮಳೆಯ ಜೋರು ಅಳೆಯುವ ಸುಲಭ ಸಾಧನ ಅದೇ ಅಲ್ವಾ?) ಬೆಳಿಗ್ಗೆ ಗದ್ದೆ ತುಂಬಿತ್ತು. ನಾನು ಚಹಾ ಕುಡಿದು, ಈ ವಾರದ ಅಂಕಣಕ್ಕೆ ಏನು ಬರೆಯಲಿ ಎಂದು ಯೋಚಿಸುತ್ತಾ ಕುಳಿತಿದ್ದೆ. ಮಧ್ಯಾಹ್ನಕ್ಕೆ ಮೊದಲೇ ರಸ್ತೆ ಕಾಣದಾಯಿತು. ಮೋನಾಕನನ್ನು ಕರೆದೊಯ್ಯುವ ರಿಕ್ಷಾದವನು ನಮ್ಮ ಮನೆಯ ತಿರುವಿನವರೆಗೆ ಬಂದು, ಎರಡು ಹಾರ್ನ್ ಹೊಡೆದು, ನೀರು ನೋಡಿ ಹಿಂದೆ ತಿರುಗಿದ.

ಆಗ ಝುಲೈಖಾಳ ಫೋನು. ಮೋನಾಕನ ಹೆಂಡತಿ. (ನಾವು ನೆರೆಯವರು ಮಾತಾಡುವುದೆಲ್ಲ ತುಳುವಿನಲ್ಲಿ. ನಿಮಗೋಸ್ಕರ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಈ ಮಾತು ಸ್ವಲ್ಪ ನೆನಪಿರಲಿ.)

"ಟೀಚರೇ, ಇವರಿಗೆ ಉಸಿರು ಎಳೀಲಿಕ್ಕೆ ಆಗ್ತಾ ಇಲ್ಲ. ನೀರು ಜಗಲಿಗೆ ಬಂತು. ನಾನು ಎಂತ ಮಾಡ್ಲಿ?"

 ಆಮೇಲೆಯೇ ನಾನು ಆ ಸಹಾಯದ ನಂಬರಿಗೆ ಫೋನ್ ಮಾಡಿದ್ದು, ಗ್ರೀನ್ ಎಂಬ ಶುಭ ಸುದ್ದಿ ಕೇಳಿದ್ದು.

ಈಗ ಯಾರಿಗೆ ಫೋನ್ ಮಾಡುವುದು? ನನ್ನ ಫೋನಿನಲ್ಲಿ ಪ್ರೊಫೆಸರುಗಳಿದ್ದಾರೆ, ಸಂಪಾದಕರಿದ್ದಾರೆ, ಇಬ್ಬರು ಮಾಜಿ ಶಾಸಕರೂ ಇದ್ದಾರೆ. ಯಾರಲ್ಲೂ ದೋಣಿ ಇಲ್ಲ. ಹುಡುಕುತ್ತಾ ಹೋದಾಗ ಕಣ್ಣಿಗೆ ಬಿದ್ದದ್ದು 'ಮೀನು ಗುಲಾಬಿ'. ಕಾಪು ಕಡಲತೀರದವಳು, ವಾರಕ್ಕೆರಡು ಸಲ ನಮ್ಮ ಮನೆಗೆ ಮೀನು ತರುತ್ತಾಳೆ.

"ಇವತ್ತು ಮೀನಿಲ್ಲ ಟೀಚರೇ. ಕಡಲು ಭಾರೀ ಜೋರುಂಟು."

"ಮೀನು ಬೇಡ ಗುಲಾಬಿ. ದೋಣಿ ಬೇಕು."

"ದೋಣಿಯಾ? ಎಷ್ಟು ಜನಕ್ಕೆ?"

ಬಂಗುಡೆ ಎಷ್ಟು ಬೇಕು ಎಂದು ಕೇಳಿದ ಹಾಗೆಯೇ ಕೇಳಿದಳು ಪುಣ್ಯಾತ್ಗಿತ್ತಿ. ವಿಷಯ ಹೇಳಿದೆ. ಫೋನಿನಲ್ಲಿಯೇ ಅವಳು ಮೈದುನನನ್ನು ಕೂಗಿದ್ದು ಕೇಳಿಸಿತು. ಸ್ವಲ್ಪ ಹೊತ್ತಿನಲ್ಲಿ ಮೀನಿನ ಟೆಂಪೋದ ಮೇಲೆ ಅಂಗಾತ ಮಲಗಿದ ಒಂದು ಸಣ್ಣ ದೋಣಿ, ಹಿಂದೆ ಹಗ್ಗ ಹಿಡಿದು ನಿಂತ ಮೈದುನ ಸುಂದರ ಮತ್ತು ಅವನ ಇಬ್ಬರು ಸಂಗಡಿಗರು ಹೈವೇಯಿಂದ ಇಳಿದು ಬಂದರು. ನನಗೆ ಜೀವ ಬಂದಂತಾಯಿತು.

ಸುಂದರ ನೀರಿಗೆ ದೋಣಿ ಇಳಿಸಿದ. ಹತ್ತಲಿಲ್ಲ. ನಿಂತು ನೋಡಿದ.

"ಟೀಚರೇ, ಕರೆಂಟು ತೆಗೆದಿದ್ದಾರಾ?"

ಆಗ ನಾನೂ ನೋಡಿದೆ. ದಾರಿಯ ನಡುವೆ ಒಂದು ತೆಂಗಿನ ಮರ ವಾಲಿ ಕರೆಂಟಿನ ತಂತಿಯ ಮೇಲೆ ಒರಗಿತ್ತು. ತಂತಿ ಜಗ್ಗಿ ನೀರಿಗೆ ಇನ್ನೇನು ತಾಗುವಂತಿತ್ತು. ತಾಗಿತ್ತೋ ಏನೋ, ಮಳೆಯಲ್ಲಿ ಸರಿಯಾಗಿ ಕಾಣುತ್ತಿರಲಿಲ್ಲ. ಆದರೆ ಒಂದು ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಮೋನಾಕನ ಜಗಲಿಯಲ್ಲಿ ಬಲ್ಬು ಉರಿಯುತ್ತಿತ್ತು.

ನಮ್ಮೂರಿನಲ್ಲಿ ಒಂದು ಮಿಂಚು ಬಂದರೆ ಕರೆಂಟು ಹೋಗುತ್ತದೆ. ಯಾರಾದರೂ ಸೀನಿದರೂ ಹೋಗುತ್ತದೆ ಎಂದು ನಾವು ತಮಾಷೆ ಮಾಡುವುದುಂಟು. ಆ ದಿನ ಮಾತ್ರ ಹೋಗಲಿಲ್ಲ ನೋಡಿ!

ಲೈನ್‌ಮ್ಯಾನಿಗೆ ಫೋನ್ ಮಾಡಿದೆ. ಬ್ಯುಸಿ. ಮತ್ತೆ ಮಾಡಿದೆ. ಬ್ಯುಸಿ. ಆ ಹೊತ್ತಿನಲ್ಲಿ ಇಡೀ ತಾಲೂಕು ಅವನಿಗೇ ಫೋನ್ ಮಾಡುತ್ತಿತ್ತು, ಕರೆಂಟು ಕೊಡಿ ಎಂದು. ತೆಗೆಯಿರಿ ಎಂದು ಕೇಳುವವಳು ನಾನೊಬ್ಬಳೇ. ಇನ್ನೊಂದು ಫೋನಿನಲ್ಲಿ, ಪಕ್ಕದಲ್ಲೇ ನಿಂತಿದ್ದ ನನ್ನ ಅತ್ತೆಯ ಫೋನಿನಲ್ಲಿ, ಝುಲೈಖಾ.

"ದೋಣಿ ಯಾಕೆ ನಿಂತದ್ದು ಟೀಚರೇ? ಇವರ ತುಟಿ ನೀಲಿ ಆಗ್ತಾ ಉಂಟು."

"ಬರ್ತದೆ, ಈಗ ಬರ್ತದೆ."

ಏನೆಂದು ಹೇಳಲಿ? ನಿಮ್ಮ ಬಲ್ಬು ಆರಲಿ ಎಂದು ಕಾಯುತ್ತಿದ್ದೇವೆ ಎಂದು ಹೇಳುವುದೇ? ನಾವೆಲ್ಲ ಕೊಡೆ ಹಿಡಿದು ಒಂದು ಬಲ್ಬಿನ ಮೇಲೆ ಕಣ್ಣಿಟ್ಟು ನಿಂತಿದ್ದೆವು. ಹಾಳು ಬಲ್ಬು! ಎಲ್‌ಇಡಿ, ಎಷ್ಟು ಚಂದ ಉರಿಯುತ್ತಿತ್ತು!

ಕೊನೆಗೂ ಲೈನ್‌ಮ್ಯಾನ್ ಸಿಕ್ಕಿದ. ನನ್ನ ಬಾಯಿಂದ ಬಂದದ್ದು ಕನ್ನಡವೋ ತುಳುವೋ ಬೈಗುಳವೋ ನೆನಪಿಲ್ಲ. ಅವನು ಫೋನ್ ಇಟ್ಟ. ನಾವು ನೋಡುತ್ತಲೇ ಇದ್ದೆವು. ಬಲ್ಬು ಆರಿತು.

ಆ ಮನೆಯಿಂದ ಝುಲೈಖಾ ಕೂಗಿದ್ದು ಮಳೆಯ ನಡುವೆಯೂ ಕೇಳಿಸಿತು. ಕತ್ತಲಾಯಿತೆಂದು ಹೆದರಿ ಕೂಗಿದಳು. ಈ ಕಡೆ ನಾವು ಹಬ್ಬದಂತೆ ಚಪ್ಪಾಳೆ ಹೊಡೆದೆವು.

ಸುಂದರ ಹುಟ್ಟು ಹಾಕಲಿಲ್ಲ. ಕಂಪೌಂಡ್ ಗೋಡೆಗಳಿಗೆ, ಮುಳುಗಿದ ಮುಳ್ಳುತಂತಿಗೆ ತಾಗದ ಹಾಗೆ ಉದ್ದದ ಬಿದಿರಿನ ಗಳೆಯಿಂದ ಊರುತ್ತಾ ಹೋದ. ಅಡ್ಡ ಸೆಳೆತಕ್ಕೆ ದೋಣಿ ಎರಡು ಸಲ ಪೂರ್ತಿ ತಿರುಗಿ ನಮ್ಮ ಕಡೆ ಮುಖ ಮಾಡಿತು. ಅತ್ತೆ ಕಣ್ಣು ಮುಚ್ಚಿಕೊಂಡು ಉಡುಪಿ ಕೃಷ್ಣನನ್ನೂ, ಊರಿನ ದೈವಗಳನ್ನೂ, ಝುಲೈಖಾ ಹರಕೆ ಹೊರುವ ದರ್ಗಾವನ್ನೂ ಒಂದೇ ಉಸಿರಿನಲ್ಲಿ ಕರೆದರು. ಜಗಲಿ ತಲುಪಿದವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಕುರ್ಚಿ ಸಮೇತ ಮೋನಾಕನನ್ನು ದೋಣಿಗೆ ಎತ್ತಿದರು. ಬರುವಾಗ ಸೆಳೆತ ಹಿಂದಿನಿಂದ ನೂಕಿತು, ಬೇಗ ಬಂದರು. ಆ ಬೇಗವೇ ಇನ್ನಷ್ಟು ಹೆದರಿಸಿತು.

ದಡಕ್ಕೆ ಬಂದಾಗ ಮೋನಾಕನ ಮುಖ ಬೂದಿಯಂತಿತ್ತು. ಒಂದೊಂದು ಶಬ್ದಕ್ಕೂ ನಿಂತು ಉಸಿರು ತೆಗೆಯುತ್ತಿದ್ದರು. ಆದರೂ ನನ್ನನ್ನು ನೋಡಿ, "ಟೀಚರೇ... ಸುತ್ತ ಇಷ್ಟು ನೀರು... ನನಗೆ ಒಂದು ಗ್ಲಾಸ್ ಕುಡೀಲಿಕ್ಕೆ ಇಲ್ಲ ನೋಡಿ," ಎಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೈವೇಯಲ್ಲಿ ನಾವು ಮೊದಲೇ ಕರೆಸಿದ್ದ ಆಂಬುಲೆನ್ಸ್ ಕಾಯುತ್ತಿತ್ತು. ಹತ್ತಿಸಿದೆವು, ಹೋಯಿತು.

ಸಂಜೆ ಝುಲೈಖಾ ಫೋನ್ ಮಾಡಿ, "ಮೆಷಿನಿಗೆ ಹಾಕಿದ್ದಾರೆ, ಈಗ ಉಸಿರು ಸಲೀಸು ಉಂಟು," ಎಂದಳು. ನಾನು ಅಡುಗೆಮನೆಗೆ ಹೋಗಿ ಒಬ್ಬಳೇ ನಿಂತು ಅತ್ತುಬಿಟ್ಟೆ. ಸಣ್ಣಗಲ್ಲ, ಜೋರಾಗಿಯೇ.

ಅತ್ತು ಮುಗಿದ ಮೇಲೆ ಬಂದದ್ದು ಸಿಟ್ಟು. ಯಾರು ಮಾಡಿದ್ದು ಈ ಗ್ರೀನು?

ಹೆಸರು ಸಿಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬೇಸಿಗೆಯಲ್ಲಿ ಒಬ್ಬಳು ಹುಡುಗಿ ಸರ್ವೆಗೆಂದು ನಮ್ಮ ಬೈಲಿನ ಮನೆಮನೆಗೆ ಬಂದಿದ್ದಳು. ಭವ್ಯ ಅಂತ, ಕಾರ್ಕಳದ ಹತ್ತಿರದ ಕುಕ್ಕುಂದೂರಿನವಳು. ಯಾವ ಹೊಳೆಗೆ ಯಾವ ಗುಡ್ಡದಿಂದ ನೀರು ಬರುತ್ತದೆ, ಅದು ಹರಿದುಹೋಗುವ ತೋಡು ಕೆಟ್ಟಿದೆಯೇ, ಬಾವಿ ಹೇಗಿದೆ, ನೆರೆ ಎಲ್ಲಿಯವರೆಗೆ ಬರುತ್ತದೆ ಎಂದೆಲ್ಲ ಕೇಳಿ ಮ್ಯಾಪ್ ಮಾಡುವ ಪ್ರಾಜೆಕ್ಟಿನವಳು. ನಾನು ಆಗ ಮಣಿಪಾಲದಲ್ಲಿ ಪಾಠ ಮಾಡುತ್ತಿದ್ದೆ. ಅತ್ತೆಗೆ ನಂಬರ್ ಕೊಟ್ಟು ಹೋಗಿದ್ದಳು.

ಫೋನ್ ಮಾಡಿ ಚೆನ್ನಾಗಿ ಬೈದೆ. ಎಸಿ ರೂಮಿನಲ್ಲಿ ಕುಳಿತು ಬಣ್ಣ ಹಚ್ಚಿದ್ದೀಯಲ್ಲ, ಒಂದು ಜೀವ ಹೋಗುತ್ತಿತ್ತಲ್ಲ, ಗೊತ್ತುಂಟಾ ನಿನಗೆ ಎಂದೆ. ಅವಳು ನನ್ನ ಉಸಿರು ಮುಗಿಯುವವರೆಗೆ ಕಾದು ಹೇಳಿದಳು:

"ಮೇಡಂ, ನಾನು ಪ್ರತಿ ಮನೆಗೂ ಹೋಗಿದ್ದೇನೆ. ನಿಮ್ಮ ಮನೆಯಲ್ಲಿ ಹಲಸಿನ ಗಟ್ಟಿ ತಿಂದಿದ್ದೇನೆ. ನೆರೆ ಬರ್ತದಾ ಅಂತ ಕೇಳಿದೆ. ಎಲ್ಲರೂ ಇಲ್ಲ ಅಂದ್ರು. ಮೋನಾಕನೂ ಇಲ್ಲ ಅಂದ್ರು."

ನಾನು ಫೋನ್ ಹಿಡಿದುಕೊಂಡೇ ಅತ್ತೆಯ ಹತ್ತಿರ ಹೋದೆ.

"ಅತ್ತೆ, ಆ ಹುಡುಗಿ ಬಂದಾಗ ನೆರೆ ಇಲ್ಲ ಅಂತ ಹೇಳಿದ್ರಾ?"

"ಹೌದು. ಇಲ್ಲ ಅಲ್ವಾ?"

"ಇವತ್ತು ಬಂದದ್ದು ಎಂತ ಮತ್ತೆ?"

ಅತ್ತೆ ನನ್ನನ್ನು ಒಂದು ಥರ ನೋಡಿದರು. ಇಷ್ಟು ಓದಿದ್ದೆಲ್ಲ ದಂಡ ಎನ್ನುವ ನೋಟ ಅದು.

"ಇದು ಬೊಳ್ಳ! ಬೊಳ್ಳ ವರ್ಷವೂ ಬರ್ತದೆ, ಒಂದು ದಿನ ಇರ್ತದೆ, ಹೋಗ್ತದೆ. ನೆರೆ ಅಂದ್ರೆ ಟಿವಿಯಲ್ಲಿ ಬರುವುದು. ಹೆಲಿಕಾಪ್ಟರ್ ಬರ್ತದೆ, ಮಂತ್ರಿ ಬರ್ತಾರೆ, ಜನ ಮಾಡಿನ ಮೇಲೆ ಕೂತ್ಕೊಳ್ತಾರೆ. ಅದೆಲ್ಲ ನಮ್ಮಲ್ಲಿ ಎಲ್ಲಿ ಉಂಟು?"

ಫೋನಿನಲ್ಲಿ ಭವ್ಯ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. "ಅಯ್ಯೋ ದೇವರೇ," ಎಂದಳು, ತುಳುವಿನಲ್ಲಿ.

ಅರ್ಥವಾಯಿತಲ್ಲ? ಕನ್ನಡದ ನೆರೆಯನ್ನೇ ತುಳುವಿನಲ್ಲಿ ಬೊಳ್ಳ ಎನ್ನುತ್ತೇವೆ. ಡಿಕ್ಷನರಿ ಕೇಳಿದರೆ ಎರಡೂ ಒಂದೇ. ಆದರೆ ಕನ್ನಡ ನಮಗೆ ಶಾಲೆಯ ಭಾಷೆ, ಪೇಪರಿನ ಭಾಷೆ, ಆಫೀಸಿನ ಭಾಷೆ. ಹಾಗಾಗಿ ನೆರೆ ಪೇಪರಿನಲ್ಲಿ ಬರುತ್ತದೆ, ಬೊಳ್ಳ ಅಂಗಳಕ್ಕೆ ಬರುತ್ತದೆ. ಭವ್ಯ ತುಳುವಿನವಳೇ. ಅವಳ ಮನೆಯಲ್ಲೂ ಬೊಳ್ಳವೇ. ಆದರೆ ಕೈಯಲ್ಲಿದ್ದ ಆ್ಯಪ್ ಕನ್ನಡದಲ್ಲಿತ್ತು. ಸರ್ವೆ ಎಂದರೆ ಗಂಭೀರ ಕೆಲಸವಲ್ಲವೇ? ಗಂಭೀರವಾಗಿ ಕನ್ನಡದಲ್ಲಿ ಕೇಳಿದಳು. ಇವರು ಗಂಭೀರವಾಗಿ ಕನ್ನಡದಲ್ಲಿ ಇಲ್ಲ ಎಂದರು. 'ಇಲ್ಲ' ಒತ್ತಿದರೆ ನೆರೆಯ ಉಳಿದ ಪ್ರಶ್ನೆಗಳೆಲ್ಲ ತಾನಾಗಿ ಮಾಯವಾಗಿ, ಬಾವಿಯ ಪ್ರಶ್ನೆ ಬರುತ್ತದಂತೆ. ಎಲ್ಲಿಯವರೆಗೆ ಬರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಕೇಳುವ ಪ್ರಮೇಯವೇ ಬರಲಿಲ್ಲ. ಇಬ್ಬರು ತುಳುವರು ಎದುರುಬದುರು ಕುಳಿತು, ಹಲಸಿನ ಗಟ್ಟಿ ತಿಂದು, ಕನ್ನಡದಲ್ಲಿ ಒಬ್ಬರನ್ನೊಬ್ಬರು ತಪ್ಪಾಗಿ ಅರ್ಥ ಮಾಡಿಕೊಂಡರು. ಇಡೀ ಬೈಲು ಹಸಿರಾಯಿತು.

ಬೈದದ್ದಕ್ಕೆ ನನಗೆ ನಾಚಿಕೆಯಾಯಿತೇ? ಆಯಿತು. ಸಿಟ್ಟು ಇಳಿಯಿತೇ? ಇಲ್ಲ.

ನೀರು ಇಳಿದ ಮೇಲೆ ಭವ್ಯ ಬಂದಳು. ಗಂಬೂಟು, ರೈನ್‌ಕೋಟು, ಕೈಯಲ್ಲಿ ಅಳತೆಯ ಕೋಲು. ನನ್ನನ್ನು ಕರೆದುಕೊಂಡು ತೋಡಿನ ದಂಡೆ ಹಿಡಿದು ಮೇಲೆ ಹೊರಟಳು. ಡಾಕ್ಟರು ರೋಗಿಯ ನಾಲಿಗೆ ನೋಡಿದ ಹಾಗೆ ಅಲ್ಲಲ್ಲಿ ನಿಂತು ನೀರಿನ ಬಣ್ಣ ನೋಡಿದಳು, ಬಾಟಲಿಯಲ್ಲಿ ತುಂಬಿಸಿಕೊಂಡಳು, ಕೋಲು ಊರಿ ಹೂಳು ಎಷ್ಟೆಂದು ನೋಡಿದಳು. ಒಂದು ಕಡೆ ತೋಡಿನ ಅರ್ಧಕ್ಕೆ ಯಾರೋ ಕಂಪೌಂಡ್ ಕಟ್ಟಿದ್ದರು. ಇನ್ನೊಂದು ಕಡೆ ಮೋರಿಗೆ ಅಡ್ಡವಾಗಿ ಡೈಪರು, ಬಾಟಲಿ, ಹಳೆಯ ಹಾಸಿಗೆ. ಇನ್ನೂ ಮೇಲೆ, ಮಳೆನೀರು ನಿಂತು ನೆಲಕ್ಕೆ ಇಂಗುತ್ತಿದ್ದ ಮದಗದ ಜಾಗದಲ್ಲಿ ಇಂಟರ್‌ಲಾಕ್ ಹಾಕಿದ ಪಾರ್ಕಿಂಗು.

"ನಿಮ್ಮ ಅತ್ತೆ ಹೇಳುವುದು ಸುಳ್ಳಲ್ಲ ಮೇಡಂ," ಎಂದಳು. "ಅವರು ನೋಡಿದ ಬೊಳ್ಳ ಮೆಲ್ಲ ಬರ್ತಿತ್ತು. ಗುಡ್ಡ ಕುಡಿದು ಉಳಿದದ್ದು ಮಾತ್ರ ಕೆಳಗೆ ಬರ್ತಿತ್ತು. ಈಗ ಗುಡ್ಡಕ್ಕೆ ಕುಡೀಲಿಕ್ಕೆ ಬಾಯಿಯೇ ಇಲ್ಲ. ಬಿದ್ದದ್ದೆಲ್ಲ ಒಟ್ಟಿಗೆ ಓಡಿ ಬರ್ತದೆ. ಆ ಹೊತ್ತಿಗೆ ಕಡಲಲ್ಲಿ ಭರತ ಇದ್ರೆ ಹೊಳೆಗೂ ಹೋಗಲಿಕ್ಕೆ ದಾರಿ ಇಲ್ಲ."

"ಮತ್ತೆ ಅದಕ್ಕೂ ಬೊಳ್ಳ ಅಂತಲೇ ಹೇಳುವುದಾ?"

"ಎಂತ ಬೇಕಾದ್ರೂ ಹೇಳಲಿ. ಎಲ್ಲಿವರೆಗೆ ಬಂತು ಅಂತ ಹೇಳಿದ್ರೆ ಸಾಕು ನನಗೆ."

ಆದರೆ ಅದನ್ನೇ ಹೇಳಬಾರದು ಎಂದು ಅಷ್ಟರೊಳಗೆ ನಮ್ಮ ಬೈಲಿನಲ್ಲಿ ತೀರ್ಮಾನವಾಗಿತ್ತು.

ತೀರ್ಮಾನದ ಮುಂದಾಳು ಸದಾನಂದ. ಮೋನಾಕನ ಆಚೆ ಮನೆಯವನು. ಕೆಟ್ಟವನಲ್ಲ, ಆ ದಿನ ದೋಣಿಯ ಹಗ್ಗ ಹಿಡಿದು ಎದೆಮಟ್ಟ ನೀರಿನಲ್ಲಿ ನಿಂತವನು. ತನ್ನ ಗದ್ದೆಯನ್ನು ಲೇಔಟಿಗೆ ಕೊಡುವ ಮಾತುಕತೆ ಮುಗಿಸಿದ್ದಾನೆ. ಮೋನಾಕನ ಗದ್ದೆಯೂ ಸೇರಿದರೆ ಮಾತ್ರ ಲೇಔಟು. ಮೋನಾಕನಿಗೂ ಮನಸ್ಸಿತ್ತು: ಇಲ್ಲಿಯದು ಮಾರಿ, ಆಸ್ಪತ್ರೆಗೆ ಹತ್ತಿರವಾಗುವ ಹಾಗೆ ಮೇಲೆ ಮಣಿಪಾಲದ ಗುಡ್ಡದಲ್ಲಿ ಒಂದು ಫ್ಲ್ಯಾಟ್ ತೆಗೆದುಕೊಳ್ಳುವುದು. ಝುಲೈಖಾ ಲಿಫ್ಟ್ ಇರುವ ಕಟ್ಟಡವನ್ನೂ ನೋಡಿಟ್ಟಿದ್ದಳು. ಮ್ಯಾಪ್ ಕೆಂಪಾದರೆ ಲೇಔಟಿಗೆ ಪರ್ಮಿಷನ್ ಸಿಗದು. ಲೇಔಟು ಇಲ್ಲದಿದ್ದರೆ ಫ್ಲ್ಯಾಟೂ ಇಲ್ಲ.

ಸದಾನಂದ ಮನೆಮನೆಗೆ ಹೋಗಿ ಹೇಳಿದ್ದ: "ಕನ್ನಡದಲ್ಲಿ ಕೇಳಿದ್ರೂ ಇಲ್ಲ, ತುಳುವಿನಲ್ಲಿ ಕೇಳಿದ್ರೂ ಇಲ್ಲ."

ನಮ್ಮ ಅತ್ತೆಗೂ ಹೇಳಿದ್ದ. ಅತ್ತೆ ಬಾಯಿಗೆ ಬೀಗ ಹಾಕಿ ಕುಳಿತಿದ್ದರು. ಭವ್ಯ ಈ ಸಲ ಆ್ಯಪನ್ನು ಚೀಲದೊಳಗಿಟ್ಟು, ಮನೆಮನೆಯಲ್ಲಿ ತುಳುವಿನಲ್ಲೇ ಕೇಳಿದಳು, "ಬೊಳ್ಳ ಬರ್ಪುಂಡಾ?" ಗೋಡೆಗಳ ಮೇಲೆ ಕೆಸರಿನ ಗೆರೆ ಇನ್ನೂ ಹಸಿ ಇತ್ತು. ಆ ಗೆರೆಯ ಎದುರು ನಿಂತುಕೊಂಡೇ ಜನ, "ಎಂಥ ಬೊಳ್ಳ? ಸ್ವಲ್ಪ ಮಳೆನೀರು ನಿಂತಿತ್ತು," ಎಂದರು. ನನಗೆ ಮೈಯೆಲ್ಲ ಉರಿಯಿತು. ಭವ್ಯ ನನ್ನ ಕೈ ಹಿಡಿದು ಸುಮ್ಮನಿರಿಸಿದಳು. ಗೋಡೆಯ ಗೆರೆ ಅಳೆದರೆ ಒಂದು ಲೆಕ್ಕ ಸಿಗುತ್ತದೆ, ಆದರೆ ಮನೆಯವರು ಒಪ್ಪದೆ ಅದನ್ನು ಹಾಕುವ ಹಾಗಿಲ್ಲವಂತೆ.

ಕೊನೆಗೆ ಮೋನಾಕನ ಮನೆ. ಆಸ್ಪತ್ರೆಯಿಂದ ಬಂದು ಜಗಲಿಯಲ್ಲಿ ಅದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದರು. ಒಳಗೆ ಝುಲೈಖಾ ಚಾಪೆ ಒಣಗಿಸುತ್ತಿದ್ದಳು. ನಮ್ಮ ಹಿಂದೆಯೇ ಸದಾನಂದನೂ ಬಂದ. ಜೊತೆಗೆ ನಾಲ್ಕಾರು ಜನ. ಯಾರೂ ಜಗಲಿ ಹತ್ತಲಿಲ್ಲ, ಅಂಗಳದಲ್ಲೇ ನಿಂತರು.

ಭವ್ಯ ಕೇಳಿದಳು.

ಮೋನಾಕ ಝುಲೈಖಾಳ ಕಡೆ ನೋಡಿದರು. ಅವಳು ಚಾಪೆ ಕೊಡವುವುದನ್ನು ನಿಲ್ಲಿಸಿದ್ದಳು. ಆ ಫ್ಲ್ಯಾಟ್ ಅವಳಿಗೆ ಎಷ್ಟು ಬೇಕಿತ್ತೆಂದು ನನಗೆ ಗೊತ್ತು. ವಾರಕ್ಕೆ ಮೂರು ಸಲ ಗಂಡನನ್ನು ಹಿಡಿದು ಆ ರಸ್ತೆಯಲ್ಲಿ ಹೋಗಿ ಬರುವವಳು ಅವಳು.

"ಬರ್ತದೆ," ಎಂದರು ಮೋನಾಕ. "ಈ ಕಿಟಕಿಯವರೆಗೆ ಬಂತು. ಬರೆದುಕೋ ಮಗಳೇ. ಕೆಂಪು ಹಾಕು."

"ಮೋನಾಕ!" ಸದಾನಂದ ಒಂದು ಹೆಜ್ಜೆ ಮುಂದೆ ಬಂದ. "ಕೆಂಪು ಹಾಕಿದ್ರೆ ಈ ಜಾಗವನ್ನು ಯಾರು ತಗೊಳ್ತಾರೆ? ನಿಮ್ಮ ಫ್ಲ್ಯಾಟ್ ಹೋಯ್ತು, ನನ್ನ ಗದ್ದೆಯ ದುಡ್ಡೂ ಹೋಯ್ತು. ಸ್ವಲ್ಪ ಯೋಚನೆ ಮಾಡಿ."

"ಯೋಚನೆ ಮಾಡ್ಲಿಕ್ಕೆ ಆ ದಿನ ತುಂಬ ಟೈಮ್ ಇತ್ತು ಸದಾನಂದ. ಬಲ್ಬು ನೋಡ್ತಾ ಕೂತಿದ್ದೆ." ಮೋನಾಕ ಉಸಿರು ತೆಗೆದುಕೊಂಡರು. "ತಗೊಂಡವ ಇಲ್ಲಿ ಮನೆ ಕಟ್ತಾನಲ್ವಾ? ಹೆಂಡತಿ ಮಕ್ಕಳನ್ನು ಕರ್ಕೊಂಡು ಬಂದು ಇಲ್ಲೇ ಮಲಗ್ತಾನಲ್ವಾ? ಅವನಿಗೆ ಯಾರು ಹೇಳುವುದು? ನೀನು ಹೇಳ್ತೀಯಾ?"

 ಅಂಗಳದಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಝುಲೈಖಾ ಚಾಪೆಯನ್ನು ಹಗ್ಗದ ಮೇಲೆ ಹಾಕಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೊರಗೆ ಬಂದಳು. ಗೋಡೆಯ ಮೇಲೆ ಕೆಸರು ನಿಂತ ಎತ್ತರಕ್ಕೆ ತಾನೇ ಬೆರಳಿಟ್ಟು ಭವ್ಯಳಿಗೆ ತೋರಿಸಿದಳು. "ಇಲ್ಲಿವರೆಗೆ. ಸರಿಯಾಗಿ ಅಳತೆ ಮಾಡು," ಎಂದಳು.

ಆಮೇಲೆ ನಮ್ಮ ಅತ್ತೆಯ ಬೀಗವೂ ತೆರೆಯಿತು. ಇನ್ನೂ ಇಬ್ಬರು ಮನೆಗೆ ಕರೆದು ತೋರಿಸಿದರು. ಸದಾನಂದ ಕರೆಯಲಿಲ್ಲ. ಅವನನ್ನು ನಾನು ದೂರುವುದಿಲ್ಲ, ಅವನಿಗೂ ಮದುವೆಗೆ ಬಂದ ಮಗಳಿದ್ದಾಳೆ. ಫ್ಲ್ಯಾಟಿನ ವಿಷಯವನ್ನು ಝುಲೈಖಾ ಮತ್ತೆ ಎತ್ತಿಲ್ಲ. ಸೋಮವಾರ, ಬುಧವಾರ, ಶುಕ್ರವಾರ ಅದೇ ರಿಕ್ಷಾ, ಅದೇ ರಸ್ತೆ. ಮಳೆ ಸ್ವಲ್ಪ ಜೋರಾದರೆ ನಾನು ಈಗಲೂ ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತೇನೆ. ನನಗೆ ಹೆದರಿಕೆ ಹೋಗಿಲ್ಲ.

ಮೊನ್ನೆ ಹೈವೇಯ ಬದಿಯಲ್ಲಿ ಒಂದು ಹೊಸ ಬೋರ್ಡು ಕಂಡಿತು. ಮ್ಯಾಪಿನಲ್ಲಿ ನಮ್ಮ ಬೈಲಿನ ಹಾಗೆ ಕೆಂಪಾಗದೆ ಉಳಿದ ಪಕ್ಕದ ಬೈಲಿನಲ್ಲಿ ಲೇಔಟಂತೆ. ಹೆಸರಿನಲ್ಲಿ 'ಲೇಕ್ ವ್ಯೂ' ಉಂಟು. ಭಾನುವಾರ ಅಲ್ಲಿ ಸಾಲುಸಾಲು ಕಾರುಗಳು. ಕೈಯಲ್ಲಿ ಫೋನಿನ ಕಂಪಾಸ್ ಹಿಡಿದು ಗಂಡಹೆಂಡಿರು ಗದ್ದೆಯ ನಡುವೆ ಗಿರಗಿರ ತಿರುಗುತ್ತಿದ್ದರು, ಬಾಗಿಲು ಯಾವ ದಿಕ್ಕಿಗೆ ಬರುತ್ತದೆಂದು ನೋಡಲು.

ಸೈಟು ನೋಡಲು ಹೋದಾಗ ಪೂರ್ವ ಯಾವ ಕಡೆ ಎಂದು ತಪ್ಪದೆ ಕೇಳುತ್ತೀರಲ್ಲ, ನೀರು ಯಾವ ಕಡೆಯಿಂದ ಎಂದು ಎಂದಾದರೂ ಕೇಳಿದ್ದೀರಾ?